ಸಿರುಗುಪ್ಪದ ಊಟದಲ್ಲಿ ನಾನು ಹೇಳದೆ ಬಿಟ್ಟ ಮಾತು

ನನ್ನ ಬಳಿ ಮೂರು ನೋಟ್‌ಬುಕ್‌ಗಳಿವೆ. ಇನ್ನೂರು ಪುಟದವು, ಬಳ್ಳಾರಿಯ ಬ್ರೂಸ್‌ಪೇಟೆಯ ಅಂಗಡಿಯಿಂದ ತಂದವು. ಎಡಪುಟದಲ್ಲಿ ಒಬ್ಬ ಐರಿಷ್ ಮನುಷ್ಯ ಇಂಗ್ಲಿಷಿನಲ್ಲಿ ಹೇಳಿದ ಮಾತುಗಳಿವೆ. ಬಲಪುಟದಲ್ಲಿ ಅದನ್ನು ನಾನು ಕನ್ನಡದಲ್ಲಿ ಹೇಗೆ ಹೇಳಿದೆ ಎಂಬುದಿದೆ. ಎರಡೂ ಒಂದೇ ಆಗಿರದ ಕಡೆ ಅಂಚಿನಲ್ಲಿ ಪೆನ್ಸಿಲಿನಿಂದ ಸಣ್ಣ ಅಡ್ಡಗೆರೆ ಎಳೆದಿದ್ದೇನೆ. ಮೊದಲ ಪುಸ್ತಕದಲ್ಲಿ ಇನ್ನೂರ ಹದಿನೇಳು ಅಡ್ಡಗೆರೆಗಳಿವೆ, ಎರಡನೆಯದರಲ್ಲಿ ನೂರ ನಲವತ್ತು, ಮೂರನೆಯದರಲ್ಲಿ ಮೂವತ್ತೊಂದು. ಮೂರನೆಯ ಪುಸ್ತಕ ಅರ್ಧಕ್ಕೇ ನಿಂತಿದೆ. ಆ ಮೂವತ್ತೊಂದರಲ್ಲಿ ಕೊನೆಯ ಕೆಲವು ಗೆರೆಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಆ ಮನುಷ್ಯ ಬಳ್ಳಾರಿಗೆ ಒಂದು ಫುಟ್‌ಬಾಲ್ ಕ್ಲಬ್ಬಿನ ಮ್ಯಾನೇಜರ್ ಆಗಿ ಬಂದರು. ನಾನು ಕೆಲಸ ಮಾಡುವ ಜೀನ್ಸ್ ಹೊಲಿಯುವ ಘಟಕದ ಮಾಲೀಕರದ್ದೇ ಆ ಕ್ಲಬ್ಬು. ಕಟಿಂಗ್, ಹೊಲಿಗೆ, ವಾಷಿಂಗ್ ವಿಭಾಗಗಳ ಹುಡುಗರೇ ಅರ್ಧ ತಂಡ. ವಾಷಿಂಗಿನವರ ಉಗುರುಗಳ ನೀಲಿ ಪಂದ್ಯದ ದಿನವೂ ಬಿಡುತ್ತಿರಲಿಲ್ಲ. ಗೋವಾದಲ್ಲಿ ಮಾಲೀಕರ ಗೆಳೆಯರೊಬ್ಬರ ತಂಡದಲ್ಲಿ ಈ ಐರಿಷ್ ಮನುಷ್ಯ ಸಹಾಯಕ ತರಬೇತುದಾರರಾಗಿದ್ದರು. ಅಲ್ಲಿಯ ಕೆಲಸ ಮುಗಿದಿದೆ, ಮುಂದಿನದು ಸಿಕ್ಕಿಲ್ಲ ಎಂದು ತಿಳಿದು ಮಾಲೀಕರು ಒಂದು ಸೀಸನ್ನಿಗೆಂದು ಕರೆಸಿಕೊಂಡರು. ಆಫೀಸಿನಲ್ಲಿ ಇಂಗ್ಲಿಷ್ ಪತ್ರ ಬರೆಯುವವಳು ನಾನೊಬ್ಬಳೇ.

"ಏನವಾ, ಸಂಜಿ ಮುಂದ ಎರಡು ತಾಸು ಗ್ರೌಂಡಿಗೆ ಹೋಗಿ, ಆ ಸಾಹೇಬ್ರು ಹೇಳಿದ್ದನ್ನ ನಮ್ಮ ಹುಡುಗರಿಗೆ ತಿಳಿಸಿ ಹೇಳ್ತಿಯೇನು?" ಎಂದು ಮಾಲೀಕರು ಕೇಳಿದರು. ಒಪ್ಪಿದೆ. ಫುಟ್‌ಬಾಲಿನ ಬಗ್ಗೆ ನನಗೆ ಗೊತ್ತಿದ್ದದ್ದು ಒಂದೇ: ಚೆಂಡಿಗೆ ಕೈ ತಾಗಿಸಬಾರದು.

ಅಂದಿನಿಂದ ದಿನಗಳನ್ನು ಎಣಿಸಿದ್ದೇನೆ. ಮೊದಲನೇ ದಿನ, ಕಂಟೋನ್ಮೆಂಟಿನ ಮೈದಾನ. ಅವರಿಗೆ ಐವತ್ತೆಂಟು ವಯಸ್ಸು. ತಲೆಯಲ್ಲಿ ಕೂದಲಿಲ್ಲ, ಬಿಸಿಲಿಗೆ ಕುತ್ತಿಗೆ ಕೆಂಪಾಗಿತ್ತು. ಕೂರುವಾಗ ಎಡಗಾಲು ಮಡಚುತ್ತಿರಲಿಲ್ಲ, ಮುಂದಕ್ಕೆ ಚಾಚಿಯೇ ಇರುತ್ತಿತ್ತು. ಹುಡುಗರು ಮೈದಾನವನ್ನು ನಾಲ್ಕು ಸುತ್ತು ಓಡಿ ಬಂದರು. ಅವರು ಸೊಂಟದ ಮೇಲೆ ಕೈಯಿಟ್ಟು ಹೇಳಿದರು: "ನನ್ನ ಅಜ್ಜಿ ಇವರಿಗಿಂತ ಜೋರಾಗಿ ಓಡುತ್ತಾಳೆ. ಅವಳು ಸತ್ತು ಮೂವತ್ತು ವರ್ಷವಾಯಿತು."

ಹನ್ನೊಂದು ಜನ ನನ್ನ ಬಾಯಿ ನೋಡುತ್ತಿದ್ದರು. ಮೊದಲ ದಿನವೇ ಒಬ್ಬರ ಸತ್ತ ಅಜ್ಜಿಯನ್ನು ಮೈದಾನಕ್ಕೆ ಎಳೆದು ತರುವುದು ಹೇಗೆ? ಬಲಪುಟದಲ್ಲಿ ಹೀಗಿದೆ: "ಇನ್ನಷ್ಟು ಜೋರಾಗಿ ಓಡಬೇಕಂತ್ರಿ." ಅದು ಮೊದಲ ಅಡ್ಡಗೆರೆ.

ಎರಡನೇ ವಾರದ ಹೊತ್ತಿಗೆ ನಾನು ಬಿಡುವುದಷ್ಟೇ ಅಲ್ಲ, ಸೇರಿಸುವುದನ್ನೂ ಕಲಿತಿದ್ದೆ. ಅವರು ಯಾರನ್ನೂ ಹೊಗಳುತ್ತಿರಲಿಲ್ಲ. ಒಳ್ಳೆಯ ಪಾಸ್ ಕೊಟ್ಟವನ ಕಡೆ ಗಲ್ಲ ಎತ್ತಿ ಒಮ್ಮೆ ನೋಡಿದರೆ ಮುಗಿಯಿತು. ನಾನು "ಚಲೋ ಕೊಟ್ಟಿ ಅಂತಾರ" ಎಂದು ಸೇರಿಸುತ್ತಿದ್ದೆ. ಹುಡುಗರಿಗೆ ಅವರು ಬಹಳ ಸೌಮ್ಯ ಮನುಷ್ಯ ಅನಿಸಿತ್ತು. ಮುಖ ಕೆಂಪಾಗಿ, ಕುತ್ತಿಗೆಯ ನರ ಉಬ್ಬಿಸಿಕೊಂಡು ಅವರು ಕೂಗಾಡುವುದು ಬಳ್ಳಾರಿಯ ಬಿಸಿಲಿಗೆ ಎಂದುಕೊಂಡಿದ್ದರು. ಒಬ್ಬ ಹುಡುಗ ಮನೆಯಿಂದ ಮಜ್ಜಿಗೆ ತಂದುಕೊಡಲು ಶುರು ಮಾಡಿದ.

ಇದನ್ನು ಹಿಡಿದವರು ಚಾಚಾ ಒಬ್ಬರೇ. ಅವರು ಕ್ಲಬ್ಬಿನ ಬೂಟು, ಚೆಂಡು, ಅಂಗಿಗಳ ಉಸ್ತುವಾರಿ ನೋಡುತ್ತಿದ್ದರು. ಕಂಟೋನ್ಮೆಂಟಿನಲ್ಲಿ ಮೂರು ತಲೆಮಾರಿನಿಂದ ಬೂಟು ಹೊಲಿಯುವ ಮನೆತನದವರು. ಇಂಗ್ಲಿಷ್ ಬರುತ್ತಿರಲಿಲ್ಲ, ಆದರೆ ಗಡಿಯಾರ ನೋಡಲು ಬರುತ್ತಿತ್ತು.

"ಬೇಟಿ, ಸಾಹೇಬ್ರು ಇಷ್ಟೊತ್ತು ಬಾಯಿ ಬಡ್ಕೊಂಡ್ರು. ನೀ ನೋಡಿದ್ರ ಒಂದ ಮಾತಿನ್ಯಾಗ ಮುಗಿಸಿಬಿಟ್ಟಿ. ಉಳಿದಿದ್ದು ಎಲ್ಲಿ ಹೋತು?"

"ಇಂಗ್ಲಿಷ್ ಉದ್ದ ಇರ್ತೈತಿ ಚಾಚಾ. ಕನ್ನಡದಾಗ ಸಣ್ಣದಾಗ್ತೈತಿ."

"ಹೌದೌದು. ನಮ್ಮ ಮನಿಯಾಕಿ ಬೈಯೋದನ್ನೂ ಯಾರಾರ ಹಿಂಗ ಸಣ್ಣದು ಮಾಡಿ ಕೊಟ್ಟಿದ್ರ ಎಷ್ಟು ಚಲೋ ಇತ್ತು." ಎಂದು ಚೆಂಡಿನ ಹೊಲಿಗೆಗೆ ದಾರ ಪೋಣಿಸಿದರು. ಆಮೇಲೆ ತಲೆ ಎತ್ತದೆ ಹೇಳಿದರು: "ನೋಡ್ಕೊಂಡು ಮಾಡವಾ. ಎಲ್ಲಾ ಸಣ್ಣದು ಮಾಡಾಕ ಆಗಂಗಿಲ್ಲ."

ತಂಡದಲ್ಲಿ ಎಡಬದಿಯ ರಕ್ಷಣೆಗೆ ನಿಲ್ಲುವ ಹುಡುಗ ಸಿರುಗುಪ್ಪದವನು, ಇಪ್ಪತ್ತೆರಡು ವರ್ಷದವನು. ವಾರವಿಡೀ ಬಳ್ಳಾರಿಯಲ್ಲಿದ್ದು ವಾಷಿಂಗ್ ವಿಭಾಗದಲ್ಲಿ ಕೆಲಸ ಮಾಡಿ, ರಜೆಯಲ್ಲಿ ಬಸ್ಸು ಹಿಡಿದು ಊರಿಗೆ ಹೋಗುತ್ತಿದ್ದ. ತಂದೆ ಅಲ್ಲಿಯ ಅಕ್ಕಿ ಗಿರಣಿಯಲ್ಲಿದ್ದರು. ಮ್ಯಾನೇಜರ್ ಏನೇ ಹೇಳಲಿ, ಅವನು ಮೊದಲು ಅವರ ಮುಖ ನೋಡಿ, ಆಮೇಲೆ ನನ್ನ ಕಡೆ ತಿರುಗಿ "ಏನಂದ್ರು ಅಕ್ಕಾ?" ಅನ್ನುತ್ತಿದ್ದ. ನಾನು ಹೇಳಿದ್ದನ್ನು ತುಟಿಯಲ್ಲೇ ಒಮ್ಮೆ ಹೇಳಿಕೊಂಡು, ಹಾಗೆಯೇ ಮಾಡುತ್ತಿದ್ದ. ಉಳಿದವರು ಅರ್ಧ ಮಾಡಿ ಅರ್ಧ ಬಿಡುವವರು. ಇವನು ಹೇಳಿದ್ದಕ್ಕಿಂತ ಒಂದು ಹೆಜ್ಜೆ ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ.

ಮ್ಯಾನೇಜರ್ ಆಡುವ ಕಾಲದಲ್ಲಿ ಅದೇ ಜಾಗದಲ್ಲಿ ಆಡಿದವರು. ಅದಕ್ಕೇ ಇರಬೇಕು, ಅವನ ಕಡೆ ಗಲ್ಲ ಎತ್ತಿ ನೋಡಿದ್ದು ಉಳಿದವರಿಗಿಂತ ಜಾಸ್ತಿ. ನನ್ನ ಎಣಿಕೆಯಲ್ಲಿ ಇಪ್ಪತ್ತಾರು ಸಲ. ಒಂದು ಸಂಜೆ ನನಗೆ ಹೇಳಿದರು: "ಈ ಹುಡುಗ ಇನ್ನೆರಡು ವರ್ಷದಲ್ಲಿ ಬೆಂಗಳೂರಿನ ದೊಡ್ಡ ಕ್ಲಬ್ಬಿನಲ್ಲಿರುತ್ತಾನೆ. ನಾನೇ ಮಾತಾಡುತ್ತೇನೆ." ಅದನ್ನು ಮಾತ್ರ ಅಕ್ಷರ ಬಿಡದೆ ಅವನಿಗೆ ಹೇಳಿದೆ. ಅವನು ಎರಡು ಸಲ ಹೇಳಿಸಿಕೊಂಡ.

ಅಭ್ಯಾಸ ಮುಗಿದ ಮೇಲೆ ಮೈದಾನದ ಎದುರಿನ ಗಾಡಿಯಲ್ಲಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿನ್ನುತ್ತಾ ಅವರು ತಮ್ಮ ಕತೆಯನ್ನು ತುಂಡು ತುಂಡಾಗಿ ಹೇಳುತ್ತಿದ್ದರು. ಮೊದಲ ಮಿರ್ಚಿಗೆ ಕಣ್ಣಲ್ಲಿ ನೀರು ಬರುತ್ತಿತ್ತು, ಎರಡನೆಯದಕ್ಕೆ ಮಾತು ಬರುತ್ತಿತ್ತು. ಪುಸ್ತಕದ ಹಿಂದಿನ ಪುಟಗಳಲ್ಲಿ ಅವನ್ನೆಲ್ಲ ಜೋಡಿಸಿದ್ದೇನೆ.

ನದಿಯ ದಂಡೆಯ ಸಣ್ಣ ಊರು. ಹದಿನಾರನೇ ವಯಸ್ಸಿನಲ್ಲಿ ಒಂದು ಚೀಲ, ಅಮ್ಮ ಕಟ್ಟಿಕೊಟ್ಟ ಬ್ರೆಡ್ಡಿನ ಪೊಟ್ಟಣ ಹಿಡಿದು ಹಡಗಿನಲ್ಲಿ ಇಂಗ್ಲೆಂಡಿಗೆ ಹೋದರು. ಮೊದಲ ವರ್ಷವೆಲ್ಲ ಹಿರಿಯ ಆಟಗಾರರ ಬೂಟಿನ ಮಣ್ಣು ಕೆರೆಯುವ ಕೆಲಸ. ಯಾರ ಬೂಟಿಗೆ ಯಾವ ಕಡೆ ಮಣ್ಣು ಹತ್ತುತ್ತದೆ ಎಂದು ನೋಡಿಯೇ ಯಾರು ಹೇಗೆ ಓಡುತ್ತಾರೆ ಎಂದು ಕಲಿತೆ ಅನ್ನುತ್ತಿದ್ದರು. ಆಟಗಾರನಾಗಿ ಮೂರು ಕ್ಲಬ್ಬು, ಯಾವುದೂ ದೊಡ್ಡದಲ್ಲ. ಇಪ್ಪತ್ತಾರಕ್ಕೆ ಆಟ ಮುಗಿಯಿತು. ಆಮೇಲೆ ಮನೆಗಳಿಗೆ ಬಣ್ಣ ಹೊಡೆದರು, ಬ್ರೆಡ್ಡಿನ ವ್ಯಾನು ಓಡಿಸಿದರು. ಮೂವತ್ತೊಂದಕ್ಕೆ ಒಂದು ಸಣ್ಣ ಕ್ಲಬ್ಬಿನ ಮ್ಯಾನೇಜರ್. ಅಲ್ಲಿಂದ ಐದು ಕ್ಲಬ್ಬು. ಒಂದನ್ನು ಮೇಲಿನ ಡಿವಿಷನ್ನಿಗೆ ಏರಿಸಿದರು. ನಾಲ್ಕರಿಂದ ತೆಗೆದುಹಾಕಿದರು. ಒಂದು ಸಲ ತೆಗೆದ ಸುದ್ದಿ ಬಂದಾಗ ಅಂಗಡಿಯಲ್ಲಿ ಆಲೂಗಡ್ಡೆ ತೂಗಿಸುತ್ತಿದ್ದರಂತೆ. "ಅರ್ಧ ತೆಗೆದು ವಾಪಸ್ ಹಾಕಿಸಿದೆ," ಎಂದು ನಕ್ಕರು.

ಇಪ್ಪತ್ತಾರಕ್ಕೆ ಯಾಕೆ ಮುಗಿಯಿತು ಎಂದು ಕೇಳಿದೆ. ಎಡ ಮೊಣಕಾಲಿನ ಮೇಲೆ ಬಡಿದು ತೋರಿಸಿದರು, ಅಷ್ಟೇ. ಪೂರ್ತಿ ಹೇಳಿದ್ದು ಸಿರುಗುಪ್ಪದಿಂದ ಬರುವಾಗ.

ನೂರ ಹನ್ನೆರಡನೇ ದಿನ, ಮಂಗಳವಾರ. ಅಭ್ಯಾಸದಲ್ಲಿ ಎಗರಿ ಚೆಂಡಿಗೆ ತಲೆ ಕೊಟ್ಟ ಸಿರುಗುಪ್ಪದ ಹುಡುಗ ಕೆಳಗಿಳಿಯುವಾಗ ಮೊಣಕಾಲು ತಿರುಚಿಕೊಂಡ. ಅರ್ಧ ಗಂಟೆಯಲ್ಲಿ ಬಾವು ಬಂತು. ಮೂಳೆ ವೈದ್ಯರು ನೋಡಿ, ಬಾವು ಇರುವಾಗ ಏನೂ ತಿಳಿಯದು, ಮುಂದಿನ ಬುಧವಾರ ಸ್ಕ್ಯಾನ್ ಮಾಡಿಸೋಣ, ಅಲ್ಲಿಯವರೆಗೆ ವಿಶ್ರಾಂತಿ ಅಂದರು. ಕ್ಲಬ್ಬಿಗೆ ಎರಡು ವಾರ ಪಂದ್ಯಗಳಿರಲಿಲ್ಲ. ಹುಡುಗ ಊರಿಗೆ ಹೋದ. ಮ್ಯಾನೇಜರಿಗೆ ಶನಿವಾರ ವೀಸಾದ ಕಾಗದಗಳಿಗಾಗಿ ಬೆಂಗಳೂರಿಗೆ ಹೋಗುವುದಿತ್ತು. ಅದಕ್ಕೂ ಮೊದಲು ಅವನ ಕಾಲು ನೋಡಲೇಬೇಕೆಂದು ಹಟ ಹಿಡಿದರು.

ನೂರ ಹದಿನೈದನೇ ದಿನ, ಶುಕ್ರವಾರ, ಕಾರಿನಲ್ಲಿ ಇಬ್ಬರೂ ಸಿರುಗುಪ್ಪಕ್ಕೆ ಹೋದೆವು. ಬತ್ತ ಕೊಯ್ಲಾಗಿತ್ತು, ರಸ್ತೆಯ ಎರಡೂ ಬದಿ ಹುಲ್ಲಿನ ಬಣವೆಗಳು. ಅವನ ಮನೆಯಲ್ಲಿ ಮಂಚದ ಮೇಲೆ ಅವನನ್ನು ಮಲಗಿಸಿ, ಮ್ಯಾನೇಜರ್ ಅವನ ಮೊಣಕಾಲನ್ನು ಅರ್ಧ ಮಡಚಿಸಿ, ಪಾದದ ಮೇಲೆ ತಾವು ಕುಳಿತು, ಎರಡೂ ಕೈಯಿಂದ ಮೊಣಕಾಲಿನ ಕೆಳಗೆ ಹಿಡಿದು ಮುಂದಕ್ಕೆ ಎಳೆದರು. ಮತ್ತೊಮ್ಮೆ ಎಳೆದರು. ಒಳ್ಳೆಯ ಕಾಲನ್ನೂ ಹಾಗೆಯೇ ಎಳೆದು ನೋಡಿದರು. ಅವರ ಮುಖ ಬದಲಾದದ್ದು ನನಗೆ ಕಾಣಿಸಿತು. ಆದರೆ ಅಷ್ಟರಲ್ಲಿ ಅವನ ತಾಯಿ ತಟ್ಟೆ ಇಟ್ಟಾಗಿತ್ತು.

ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಶೇಂಗಾ ಹೋಳಿಗೆ, ತಂದೆ ದುಡಿಯುವ ಗಿರಣಿಯ ಅಕ್ಕಿಯ ಅನ್ನ. ಮ್ಯಾನೇಜರ್ ಎಡಗಾಲು ಚಾಚಿ ಗೋಡೆಗೊರಗಿ ನೆಲದ ಮೇಲೆ ಕುಳಿತರು. ಹುಡುಗನೂ ಎದುರಿಗೆ ಹಾಗೆಯೇ ಎಡಗಾಲು ಚಾಚಿ ಕುಳಿತ. ತಾಯಿ ಇಬ್ಬರನ್ನೂ ನೋಡಿ ನಕ್ಕರು.

"ನೋಡ್ರಿ, ಗುರು ಹೆಂಗೋ ಹಂಗ ಶಿಷ್ಯ. ಇಬ್ಬರದೂ ಒಂದ ಕಾಲು." ಆಮೇಲೆ ನನ್ನ ತಟ್ಟೆಗೆ ಹೋಳಿಗೆ ಹಾಕುತ್ತಾ ಹೇಳಿದರು: "ಭಾನುವಾರ ಕುರುಗೋಡಿನ್ಯಾಗ ನಮ್ಮ ಊರಿನ ಟೀಮಿಂದು ಮ್ಯಾಚ್ ಐತೆವಾ. ಇವನ ಕ್ಯಾಪ್ಟನ್ ಅಂತ. ಊರಾಗ ಎಲ್ಲಾರೂ ಕೇಳೋರ, ಅದಕ್ಕ ಹೋಳಿಗಿ ಮಾಡೀನಿ. ಸಾಹೇಬ್ರಿಗೂ ಹೇಳು."

ಹೇಳುವುದಕ್ಕೆ ನಾನು ಬಾಯಿ ತೆರೆಯುವ ಮೊದಲೇ ಮ್ಯಾನೇಜರ್ ಮಾತಾಡಿದರು. ಎಡಪುಟದಲ್ಲಿ ಅದು ಪೂರ್ತಿ ಇದೆ.

"ಅವನಿಗೆ ಹೇಳು. ಮೊಣಕಾಲಿನೊಳಗೆ ಹಿಡಿದಿಡುವ ಪಟ್ಟಿ ಅರ್ಧ ಹರಿದಿದೆ ಎಂದು ನನ್ನ ಕೈಗೆ ಗೊತ್ತಾಗುತ್ತಿದೆ. ಸ್ಕ್ಯಾನ್ ಆಗುವವರೆಗೆ ಅವನು ಚೆಂಡು ಮುಟ್ಟಬಾರದು. ಯಾರಿಗಾಗಿಯೂ ಆಡಬಾರದು, ಬೀದಿಯಲ್ಲಿಯೂ ಆಡಬಾರದು. ಈಗ ಆಡಿದರೆ ಪೂರ್ತಿ ಹರಿಯುತ್ತದೆ. ಅವನ ಆಟ ಅಲ್ಲಿಗೇ ಮುಗಿಯುತ್ತದೆ, ನನ್ನದು ಮುಗಿದ ಹಾಗೆ. ತಾಯಿಯ ಮುಂದೆಯೇ ಹೇಳು. ಅವರು ಅವನನ್ನು ಕಟ್ಟಿಹಾಕಲಿ ಅಂತಲೇ ಇಲ್ಲಿಯವರೆಗೆ ಬಂದಿದ್ದೇನೆ."

ನಮ್ಮ ಮನೆಯಲ್ಲಿ ಸಾವಿನ ಸುದ್ದಿ ಬಂದರೂ ಉಣ್ಣುವವರು ಕೈ ತೊಳೆಯುವವರೆಗೆ ಹೇಳುವುದಿಲ್ಲ. ಅಜ್ಜ ತೀರಿಕೊಂಡ ದಿನ ಅಪ್ಪ ಎರಡನೇ ಸಲ ಅನ್ನ ಹಾಕಿಸಿಕೊಂಡು, ಮಜ್ಜಿಗೆ ಕುಡಿದು ಏಳುವವರೆಗೂ ಅಮ್ಮ ಬಾಗಿಲಿಗೆ ಆತು ಸುಮ್ಮನೆ ನಿಂತಿದ್ದಳು. ಈಗ ನನ್ನ ಎದುರಿಗೆ ಹುಡುಗನ ಕೈಯಲ್ಲಿ ಅರ್ಧ ಹೋಳಿಗೆ ಇತ್ತು.

"ಏನಂದ್ರು ಅಕ್ಕಾ?"

"ಊಟ ಮಾಡು. ಹೇಳ್ತೀನಿ."

ಉಂಡಾಯಿತು, ಕೈ ತೊಳೆದಾಯಿತು. ಅವನ ತಾಯಿ ನನ್ನನ್ನು ದೇವರ ಮಾಡದ ಮುಂದೆ ನಿಲ್ಲಿಸಿ ಹಣೆಗೆ ಕುಂಕುಮ ಇಟ್ಟು, ಎಲೆ-ಅಡಿಕೆಯ ಜೊತೆ ಹಸಿರು ರವಿಕೆ ಕಣ ಕೊಟ್ಟರು. ಮೊದಲ ಸಲ ಮನೆಗೆ ಬಂದ ಹೆಣ್ಣುಮಗಳು ಎಂದು. ನನ್ನ ಎರಡೂ ಕೈ ತುಂಬಿದ್ದಾಗಲೇ ಕೇಳಿದರು: "ಸಾಹೇಬ್ರು ಉಣ್ಣಾಗ ಅಷ್ಟೊತ್ತು ಏನೋ ಹೇಳಿದ್ರಲ್ಲ, ಏನಂದ್ರವಾ?"

ಹುಡುಗ ಹಿಂದೆಯೇ ನಿಂತಿದ್ದ. ಮ್ಯಾನೇಜರ್ ಹೊಸ್ತಿಲಿನ ಮೇಲೆ ಬೂಟು ಹಾಕಿಕೊಳ್ಳುತ್ತಾ ನಮ್ಮ ಕಡೆ ನೋಡುತ್ತಿದ್ದರು. ಬಲಪುಟದಲ್ಲಿ ಇರುವುದು ಇಷ್ಟು: "ಕಾಲು ಹುಷಾರಾಗಿ ನೋಡ್ಕೋಬೇಕಂತ. ಸ್ವಲ್ಪ ಕಡಿಮಿ ಓಡಬೇಕಂತ."

"ಅಷ್ಟನಾ?" ತಾಯಿಯ ಮುಖ ಅರಳಿತು. "ನಾ ಏನೋ ಅಂತ ಹೆದರಿದ್ನಿ."

ಹುಡುಗ ತುಟಿಯಲ್ಲಿ ಹೇಳಿಕೊಂಡ. ಕಡಿಮಿ ಓಡಬೇಕು. ಮ್ಯಾನೇಜರಿನ ಕಡೆ ನೋಡಿ ಜೋರಾಗಿ ತಲೆಯಾಡಿಸಿದ. ಅವರು ಸಮಾಧಾನದಿಂದ ಗಲ್ಲ ಎತ್ತಿದರು. ಕುರುಗೋಡಿನ ಪಂದ್ಯದ ವಿಷಯ ನಾನು ಅವರಿಗೆ ಹೇಳಲಿಲ್ಲ. ಹೇಳಿದ್ದರೆ ಅಲ್ಲಿಯೇ ಕೂಗಾಡುತ್ತಿದ್ದರು, ಕುಂಕುಮ ಹಚ್ಚಿಸಿಕೊಂಡ ಬಾಗಿಲಲ್ಲಿ. ಒಂದೇ ಮನೆಯಲ್ಲಿ ಎರಡು ಅಡ್ಡಗೆರೆ, ಒಂದು ಕನ್ನಡದ ಕಡೆ, ಒಂದು ಇಂಗ್ಲಿಷಿನ ಕಡೆ. ಕಾರಿನಲ್ಲಿ ಹೇಳೋಣ, ಆಮೇಲೆ ಅವನೊಬ್ಬನಿಗೇ ಫೋನಿನಲ್ಲಿ ಎಲ್ಲ ಬಿಡಿಸಿ ಹೇಳೋಣ ಎಂದುಕೊಂಡೆ.

ಕಾರಿನಲ್ಲಿ ಅವರೇ ಮಾತಾಡಿದರು.

ಇಪ್ಪತ್ತಾರನೇ ವಯಸ್ಸಿನಲ್ಲಿ ಅವರ ಮೊಣಕಾಲಿಗೂ ಹೀಗೆಯೇ ಆಗಿತ್ತು. ದೊಡ್ಡ ತಂಡವೊಂದರ ವಿರುದ್ಧ ಕಪ್ ಪಂದ್ಯವಿತ್ತು. ಬೆಳಿಗ್ಗೆ ಸೂಜಿ ಚುಚ್ಚಿ ನೋವು ಅಡಗಿಸಿದರು. ಆ ಕ್ಲಬ್ಬಿನ ಮ್ಯಾನೇಜರಿಗೆ ಎಲ್ಲವೂ ಗೊತ್ತಿತ್ತು. "ಬಟ್ಟೆ ಬದಲಿಸುವ ಕೋಣೆಗೆ ಬಂದ. ನನ್ನ ಪಕ್ಕದಲ್ಲಿ ಕುಳಿತ. ಹೇಳುತ್ತಾನೆ ಅಂದುಕೊಂಡೆ. ನನ್ನ ಅಮ್ಮ ಹೇಗಿದ್ದಾರೆ ಎಂದು ಕೇಳಿದ. ಚೆನ್ನಾಗಿದ್ದಾರೆ ಅಂದೆ. ಎದ್ದು ಹೋದ." ಸ್ವಲ್ಪ ಹೊತ್ತು ಹೊರಗೆ ಬಣವೆಗಳನ್ನು ನೋಡಿದರು. "ಒಳ್ಳೆಯ ಮನುಷ್ಯ. ಯಾರ ಮನಸ್ಸನ್ನೂ ನೋಯಿಸುತ್ತಿರಲಿಲ್ಲ. ಮೂವತ್ತೆರಡು ವರ್ಷದಿಂದ ನಾನು ಅವನನ್ನು ಕ್ಷಮಿಸಲು ನೋಡುತ್ತಿದ್ದೇನೆ. ಅದಕ್ಕೇ ಇವತ್ತು ಬಂದದ್ದು. ನೀನಿದ್ದೆ, ಸರಿಹೋಯಿತು."

ಆಗ ಹೇಳಬಹುದಿತ್ತು. ಕಾರು ತಿರುಗಿಸಿ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಆ ಒಂದನ್ನು ಹೇಳಿದರೆ ನಾಲ್ಕು ತಿಂಗಳ ಅಡ್ಡಗೆರೆಗಳನ್ನೆಲ್ಲ ಹೇಳಬೇಕಾಗುತ್ತಿತ್ತು. ಅಜ್ಜಿಯಿಂದ ಹಿಡಿದು. ನಾನು ರವಿಕೆ ಕಣವನ್ನು ಮಡಚಿ ಬ್ಯಾಗಿನಲ್ಲಿಟ್ಟೆ. ಬಳ್ಳಾರಿ ಬಂತು.

ಶನಿವಾರ ಎರಡು ಸಲ ಫೋನ್ ಮಾಡಿದೆ. ಎರಡು ಸಲವೂ ತಾಯಿ ಎತ್ತಿದರು, ಅವನು ಕೆಂಚನಗುಡ್ಡದ ಕಡೆ ಹೊಳೆದಂಡೆಗೆ ಹೋಗಿದ್ದಾನೆ, ಗೆಳೆಯರ ಜೊತೆ ಎಂದರು. ತಾಯಿಗೇ ಹೇಳಬಹುದಿತ್ತು. ಹೋಳಿಗೆ ಇನ್ನೂ ಉಳಿದಿವೆ, ನೀನು ಇಲ್ಲಿದ್ದಿದ್ದರೆ ಕಟ್ಟಿಕೊಡುತ್ತಿದ್ದೆ ಎಂದರು. ಆಯ್ತು ಅಂದೆ.

ನೂರ ಹದಿನೇಳನೇ ದಿನ, ಭಾನುವಾರ. ಎದುರಿಗೇ ಹೇಳಿಬಿಡೋಣ ಎಂದು ಚಾಚಾ ಜೊತೆ ಬಸ್ಸಿನಲ್ಲಿ ಕುರುಗೋಡಿಗೆ ಹೋದೆ. ಬಂಡೆಗುಡ್ಡದ ಬುಡದ ಮೈದಾನ, ಹುಲ್ಲಿನ ಎಸಳಿಲ್ಲ, ನೆಲ ಒಲೆಯ ಕಲ್ಲಿನ ಹಾಗೆ ಗಟ್ಟಿ. ಅಂಚಿನಲ್ಲಿ ಒಣಹಾಕಿದ ಮೆಣಸಿನಕಾಯಿಯ ಘಾಟಿಗೆ ಎರಡೂ ತಂಡದವರು ಸೀನುತ್ತಿದ್ದರು. ಹುಡುಗ ಕೈ ಬೀಸಿ ಓಡಿಬಂದ.

"ಕಾಲು ಹೆಂಗೈತಿ?"

"ಬಾವು ಪೂರಾ ಇಳದೈತಿ ಅಕ್ಕಾ. ನೀವೇನು ಚಿಂತಿ ಮಾಡಬ್ಯಾಡ್ರಿ. ಸಾಹೇಬ್ರು ಹೇಳ್ದಂಗ ಕಡಿಮಿ ಓಡ್ತೀನಿ. ನಿಂತ ಜಾಗದಾಗ ಆಡ್ತೀನಿ."

"ಅದಲ್ಲ, ಅವತ್ತು ಅವ್ರು ಏನಂದ್ರು ಅಂದ್ರ..."

ಸೀಟಿ ಊದಿದರು. ಅವನು ತಿರುಗಿ ಹೊರಟ. ನಾನು ಹಿಂದಿನಿಂದ ಅವನ ಹೆಸರು ಹಿಡಿದು ಕೂಗಿದೆ. ಒಮ್ಮೆ. ಗೆರೆಯ ಪಕ್ಕ ನಿಂತಿದ್ದ ಸಿರುಗುಪ್ಪದ ಹಿರಿಯರೊಬ್ಬರು ನನ್ನ ಕಡೆ ತಿರುಗಿ ಗದರಿದರು: "ಏ ತಂಗಿ, ಹೊಂಟವ್ನನ್ನ ಹಿಂದಿನಿಂದ ಕೂಗ್ತಾರೇನು? ಕ್ಯಾಪ್ಟನ್ ಅದಾನ ಅವ." ನಾನು ಬಾಯಿ ಮುಚ್ಚಿಕೊಂಡೆ. ಎರಡನೇ ಸಲ ಕೂಗಲಿಲ್ಲ.

ಅಭ್ಯಾಸಬಲದಿಂದ ಪುಸ್ತಕ ತೆಗೆದು ಅವನು ಚೆಂಡು ಮುಟ್ಟಿದ್ದನ್ನು ಎಣಿಸತೊಡಗಿದೆ. ಐದೈದರ ಕಟ್ಟಾಗಿ ಗೆರೆಗಳು. ಅವನು ಹೇಳಿದ ಹಾಗೆಯೇ ಆಡಿದ. ಯಾವಾಗಲೂ ಗೆರೆಯುದ್ದಕ್ಕೂ ಓಡಿ ಓಡಿ ಚೆಂಡು ಒಯ್ಯುತ್ತಿದ್ದವನು ಅವತ್ತು ಓಡದೆ, ನಿಂತಲ್ಲೇ ನಿಂತು, ಎಡಗಾಲೂರಿ ಗಿರಕ್ಕನೆ ತಿರುಗಿ ಪಾಸ್ ಕೊಡುತ್ತಿದ್ದ. ಹತ್ತೊಂಬತ್ತನೇ ಸಲ ಹಾಗೆ ತಿರುಗಿದಾಗ ಹತ್ತಿರ ಯಾರೂ ಇರಲಿಲ್ಲ. ಪಾದ ನೆಲದಲ್ಲೇ ನಿಂತಿತು, ಮೈ ತಿರುಗಿತು. ಒಣಕಟ್ಟಿಗೆ ಮುರಿದಂಥ ಸಪ್ಪಳ ನನಗೂ ಕೇಳಿಸಿತು.

ಚಾಚಾ ನನಗಿಂತ ಮೊದಲು ಓಡಿದರು. ತಮ್ಮ ಹೆಗಲ ವಸ್ತ್ರ ಬಿಚ್ಚಿ ಅವನ ಮೊಣಕಾಲಿಗೆ ಸುತ್ತಿ ಕಟ್ಟುತ್ತಾ, ನನ್ನ ಕಡೆ ಒಮ್ಮೆ ನೋಡಿದರು.

ನೂರ ಇಪ್ಪತ್ತನೇ ದಿನ, ಬುಧವಾರ, ಬಳ್ಳಾರಿಯ ಆಸ್ಪತ್ರೆ. ಸ್ಕ್ಯಾನ್ ಆಗಿತ್ತು. ಮೊಣಕಾಲಿನೊಳಗಿನ ಪಟ್ಟಿ ಎರಡು ಕಡೆ ಪೂರ್ತಿ ಹರಿದಿತ್ತು. ಆಪರೇಷನ್ ಆದರೆ ನಡೆಯಬಹುದು, ಮೊದಲಿನ ಹಾಗೆ ಆಡುವುದು ಆಗದು ಎಂದರು. ಮ್ಯಾನೇಜರ್ ಬೆಂಗಳೂರಿನಿಂದ ಬೆಳಗಿನ ರೈಲಿಗೆ ಇಳಿದು ನೇರವಾಗಿ ಬಂದಿದ್ದರು, ಕೈಯಲ್ಲಿ ಇನ್ನೂ ಚೀಲವಿತ್ತು. ಮಂಚದ ಕಾಲ ಬಳಿ ನಿಂತರು. ಕೂಗಾಡುತ್ತಾರೆ ಅಂದುಕೊಂಡೆ. ಅವರ ದನಿ ಎಷ್ಟು ಸಣ್ಣದಾಗಿತ್ತೆಂದರೆ ನಾನು ಹತ್ತಿರ ಹೋಗಿ ಕೇಳಿಸಿಕೊಳ್ಳಬೇಕಾಯಿತು.

"ಅವನಿಗೆ ಹೇಳು. ನಾನು ನಿನಗೆ ಹೇಳಿದ್ದೆ. ನಿನ್ನ ತಾಯಿಯ ಮುಂದೆ, ನಿನ್ನ ಮನೆಯಲ್ಲಿ, ಆಡಬೇಡ, ಆಡಿದರೆ ಮುಗಿಯಿತು ಎಂದು ಹೇಳಿದ್ದೆ. ನನಗೆ ಯಾರೂ ಹೇಳಿರಲಿಲ್ಲ. ನಿನಗೆ ನಾನು ಹೇಳಿದ್ದೆ. ಯಾಕೆ ಕೇಳಲಿಲ್ಲ?"

ಹುಡುಗ ಅವರ ಮುಖ ನೋಡಿದ, ಆಮೇಲೆ ನನ್ನ ಕಡೆ ತಿರುಗಿದ. "ಏನಂದ್ರು ಅಕ್ಕಾ?"

ಆ ದಿನ ನಾನು ಏನನ್ನೂ ಬಿಡಲಿಲ್ಲ, ಏನನ್ನೂ ಸೇರಿಸಲಿಲ್ಲ. ಎಲ್ಲವನ್ನೂ ಹೇಳಿದೆ.

ಅವನು ಹುಬ್ಬು ಗಂಟಿಕ್ಕಿದ. "ಆಡಬ್ಯಾಡ ಅಂದಿದ್ರಾ? ಯಾವಾಗ?"

"ಊಟಕ್ಕ ಕೂತಾಗ."

"ನೀವು ಕಡಿಮಿ ಓಡಬೇಕಂತ ಅಂದ್ರಿ."

"ಹೌದು."

ಕಿಟಕಿಯ ಹೊರಗೆ ಯಾರೋ ಬಕೆಟ್ಟಿನಲ್ಲಿ ನೀರು ಎರಚಿ ಮೆಟ್ಟಿಲು ತೊಳೆಯುತ್ತಿದ್ದರು. ಅವನು ಆ ಕಡೆ ಮುಖ ತಿರುಗಿಸಿದ. ಮ್ಯಾನೇಜರ್ ನಮ್ಮಿಬ್ಬರನ್ನೂ ಒಬ್ಬೊಬ್ಬರಾಗಿ ನೋಡುತ್ತಿದ್ದರು. ಕೊನೆಗೆ ಹುಡುಗ ಹೇಳಿದ:

"ಅವ್ರಿಗೆ ಹೇಳ್ರಿ ಅಕ್ಕಾ. ಹೌದು ಸಾಹೇಬ್ರ, ನೀವು ಹೇಳಿದ್ರಿ. ನಾನ ಕೇಳ್ಲಿಲ್ಲ. ತಪ್ಪಾತು ಅಂತ."

ನಾನು ಅವನನ್ನೇ ನೋಡಿದೆ. "ಹೇಳ್ರಿ," ಎಂದ ಮತ್ತೊಮ್ಮೆ.

ಹೇಳಿದೆ. ಶಬ್ದಕ್ಕೆ ಶಬ್ದ ಇಟ್ಟು ಹೇಳಿದೆ. ಆ ಪುಟದಲ್ಲಿ ಎಡಕ್ಕೂ ಬಲಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ, ಅಂಚು ಖಾಲಿ ಇದೆ. ಮೂರೂ ಪುಸ್ತಕಗಳಲ್ಲಿ ಅದರಷ್ಟು ದೊಡ್ಡ ಸುಳ್ಳು ಬೇರೆ ಇಲ್ಲ. ಮ್ಯಾನೇಜರ್ ಅವನ ಪಾದದ ಮೇಲೆ ಒಂದು ಕ್ಷಣ ಕೈಯಿಟ್ಟು, ಹೊರಗೆ ಹೋದರು.

ಸೀಸನ್ ಮುಗಿಯಲು ಆರು ವಾರ ಉಳಿದಿತ್ತು. ಅವರು ಮೊದಲಿನ ಹಾಗೆ ಬೈಯಲಿಲ್ಲ. ನನಗೆ ಬಿಡುವುದಕ್ಕೆ ಏನೂ ಉಳಿದಿರಲಿಲ್ಲ. ಹೊರಡುವ ಬೆಳಿಗ್ಗೆ ಸ್ಟೇಷನ್ನಿನಲ್ಲಿ ಚಾಚಾ ತಾವೇ ಹೊಲಿದ ಚರ್ಮದ ಚಪ್ಪಲಿ ಕೊಟ್ಟರು, ಎಡಗಾಲಿನದಕ್ಕೆ ಹಿಮ್ಮಡಿ ಸ್ವಲ್ಪ ಎತ್ತರಿಸಿ. ಮ್ಯಾನೇಜರ್ ಅಲ್ಲಿಯೇ ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದು ನೋಡಿದರು. ನನಗೆ ಹೇಳಿದರು: "ಹಿಂದೆ ಇಬ್ಬರು ಹುಡುಗರಿಗೆ ಇದೇ ಮಾತು ಹೇಳಿದ್ದೆ, ಇಬ್ಬರೂ ಕೇಳಿದ್ದರು. ಇವನು ಖಂಡಿತ ಕೇಳುತ್ತಾನೆ ಅಂದುಕೊಂಡಿದ್ದೆ. ನಾನು ಹೇಳುವುದರಲ್ಲೇ ಈಗ ಏನೂ ಉಳಿದಿಲ್ಲವೇನೋ." ರೈಲು ನಿಂತಿದ್ದದ್ದು ಐದು ನಿಮಿಷ. ಅಷ್ಟೂ ಹೊತ್ತು ನಾನು ಅವರ ಚೀಲದ ಪಟ್ಟಿ ಹಿಡಿದುಕೊಂಡಿದ್ದೆ.

ಕೆಲವು ತಿಂಗಳ ಮೇಲೆ ಒಂದು ಇಮೇಲ್ ಬಂತು. ಊರಿಗೆ ಮರಳಿದ್ದಾರೆ. ಒಂದು ಕ್ಲಬ್ಬು ಕರೆದಿತ್ತು, ಹೋಗಲಿಲ್ಲ. ಈಗ ಊರಿನ ಮೈದಾನಕ್ಕೆ ಶನಿವಾರಗಳಂದು ಸುಣ್ಣದ ಗೆರೆ ಹಾಕುತ್ತಾರೆ. ಮ್ಯಾನೇಜರ್ ಕೆಲಸ ಇನ್ನು ಸಾಕು ಎಂದು ಬರೆದಿದ್ದರು. ಹುಡುಗನ ಕಾಲು ಹೇಗಿದೆ ಎಂದು ಕೇಳಿದ್ದರು. ನಡೆಯುತ್ತಾನೆ ಎಂದು ಉತ್ತರ ಬರೆದೆ. ಅದೊಂದೇ ಸಾಲು.

ಹೋದ ತಿಂಗಳು ಸಿರುಗುಪ್ಪಕ್ಕೆ ಹೋಗಿದ್ದೆ. ಹುಡುಗ ಈಗ ಊರಿನ ತಂಡದ ಮ್ಯಾನೇಜರ್. ಅವನನ್ನು ಹಾಗೆ ಕರೆದರೆ ನಗುತ್ತಾನೆ. ಗೆರೆಯ ಹೊರಗೆ ಕುರ್ಚಿಯಲ್ಲಿ ಎಡಗಾಲು ಚಾಚಿ ಕುಳಿತಿದ್ದ. ಗೋಲ್‌ಕೀಪರ್ ಒಬ್ಬ ಟ್ರ್ಯಾಕ್ಟರ್ ಡ್ರೈವರ್, ಹುಡುಗನಿಗಿಂತ ಹಿರಿಯ. ಅವನ ಹೆಂಡತಿ ಬುತ್ತಿ ತಂದು ಪಕ್ಕದಲ್ಲೇ ಬಿಚ್ಚುತ್ತಿದ್ದಳು. ಹುಡುಗ ಅವನ ಕೈ ಹಿಡಿದು ನೋಡಿದ.

"ಬೆರಳು ಮುರದೈತಿ. ಇವತ್ತು ಆಡಂಗಿಲ್ಲ. ಹೊರಗ ಕುಂದ್ರು."

"ಲೇ, ಸ್ವಲ್ಪ ಬಾತೈತಿ ಅಷ್ಟಲೇ. ಉಂಡಾದ್ರೂ ಹೇಳಬಾರ್ದೇನಲೇ, ಹೆಂಡ್ತಿ ಮುಂದ?"

"ಅಕಿ ಮುಂದನ ಹೇಳಬೇಕು. ಉಣ್ಣಾಕ ಮೊದಲ ಹೇಳಬೇಕು. ವೈನಿ, ಇವನ್ನ ಬಳ್ಳಾರಿಗೆ ಕರ್ಕೊಂಡು ಹೋಗಿ ತೋರ್ಸ್ರಿ."

ಡ್ರೈವರ್ ಸಿಟ್ಟಿನಿಂದ ಬುತ್ತಿ ಮುಚ್ಚಿ ಎದ್ದು ಹೋದ. ಹುಡುಗ ನನ್ನ ಕಡೆ ನೋಡಲಿಲ್ಲ. ನನ್ನನ್ನು ಚುಚ್ಚಲು ಹೇಳಿದ್ದಲ್ಲ, ಅವನು ಅಂಥವನಲ್ಲ. ಅದಕ್ಕೇ ನನಗೆ ಅಲ್ಲಿ ಕೂರುವುದು ಕಷ್ಟವಾಯಿತು.

ಪಂದ್ಯ ಮುಗಿದ ಮೇಲೆ ಕೇಳಿದೆ: "ಅವತ್ತು ಯಾಕ ಹಂಗ ಹೇಳಿಸಿದಿ?"

"ನಂದಂತೂ ಹೋಗಿತ್ತು ಅಕ್ಕಾ. ನಿಮ್ಮದೂ ಯಾಕ ಹೋಗಬೇಕು ಅಂತ." ಮೊಣಕಾಲನ್ನು ಎರಡೂ ಕೈಯಿಂದ ಉಜ್ಜಿಕೊಂಡ. "ಸಿಟ್ಟು ಆಮ್ಯಾಲ ಬಂತು. ಭಾಳ ಬಂತು. ಅವ್ವಗ ಇನ್ನೂ ಹೇಳಿಲ್ಲ."

"ಸಾಹೇಬ್ರಿಗೆ ಎಲ್ಲಾ ಬರದು ಕಳಸ್ತೀನಿ."

ಸ್ಟೇಷನ್ನಿನಲ್ಲಿ ಅವರು ಅಂದದ್ದನ್ನೂ ಆಮೇಲಿನ ಇಮೇಲಿನಲ್ಲಿದ್ದದ್ದನ್ನೂ ಅವನಿಗೆ ಹೇಳಿದೆ. "ನನ್ನ ಸಲುವಾಗಿ ಬ್ಯಾಡ," ಎಂದ. "ಆದ್ರ ಅವ್ರು ಅಲ್ಲಿ ಸುಣ್ಣ ಹಾಕ್ಕೊಂತ ಕುಂತಾರಲ್ಲ, ನಾ ಹೇಳಿದ್ರ ಯಾರೂ ಕೇಳಂಗಿಲ್ಲ ಅಂತ. ಅದು ಸುಳ್ಳು ಅಕ್ಕಾ. ನಾ ಅವ್ರ ಒಂದು ಮಾತೂ ತೆಗೆದು ಹಾಕಿಲ್ಲ. ಅದೊಂದು ಬರೀರಿ."

ಅದಕ್ಕೇ ಇದನ್ನು ಬರೆದೆ. ಮೊದಲು ಕನ್ನಡದಲ್ಲಿ, ಯಾಕೆಂದರೆ ನಾನು ಮೆತ್ತಗೆ ಮಾಡುವುದು ಕನ್ನಡದಲ್ಲೇ, ಅದನ್ನು ಇಲ್ಲಿಯೇ ಹಿಡಿಯಬೇಕಿತ್ತು. ಈಗ ಇಂಗ್ಲಿಷಿಗೆ ತರುತ್ತಿದ್ದೇನೆ. ಹತ್ತು ದಿನವಾಯಿತು. ಅಜ್ಜಿಯ ಭಾಗ ಮುಗಿದಿದೆ, ಮಜ್ಜಿಗೆಯ ಭಾಗ, ಮಿರ್ಚಿಯ ಭಾಗ ಮುಗಿದಿವೆ. ಸಿರುಗುಪ್ಪದ ಮನೆಯ ಬಾಗಿಲವರೆಗೆ ಬಂದಿದ್ದೇನೆ. ತಟ್ಟೆ ಇಟ್ಟಾಗಿದೆ. ಆ ಪುಟವನ್ನು ನಾಲ್ಕು ಸಲ ಬರೆದು ನಾಲ್ಕು ಸಲ ಹರಿದಿದ್ದೇನೆ. ನಾಲ್ಕರಲ್ಲೂ ನನ್ನ ಮಾತು ಇರಬೇಕಾದದ್ದಕ್ಕಿಂತ ಸ್ವಲ್ಪ ಮೆತ್ತಗಿತ್ತು.